ಬೆಲ್ಲದ ಕರಾರು, ವಾಯಿದಾ ವ್ಯಾಪಾರದ ಗುಮ್ಮ: ಸರ್ಕಾರದ ನಿರ್ಬಂಧವನ್ನು ಕೋರ್ಟಿನಲ್ಲಿ ಪ್ರಶ್ನಿಸಿ ಪ್ರಯೋಜನವಿದೆಯೇ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನಲ್ಲಿ ಸ್ವಂತ ಆಲೆಮನೆ ನಡೆಸುತ್ತಿದ್ದೇನೆ. ಗೌರಿ ಹಬ್ಬದ ಹೊತ್ತಿಗೆ ಎಪಿಎಂಸಿ ಯಾರ್ಡಿನ ಮಂಡಿ ವರ್ತಕರೊಬ್ಬರು ಮನೆಗೇ ಬಂದು, ನಮ್ಮ ಆಲೆಮನೆಯ 400 ಕ್ವಿಂಟಲ್ ಕುರಿಕಾಲಚ್ಚು ಬೆಲ್ಲವನ್ನು ಕ್ವಿಂಟಲಿಗೆ 4,600 ರೂಪಾಯಿಯಂತೆ ಜನವರಿ 10ರೊಳಗೆ ಕೊಡಬೇಕೆಂದು ಕರಾರು ಬರೆಸಿಕೊಂಡರು. 50,000 ರೂಪಾಯಿ ಮುಂಗಡವನ್ನೂ ಕೊಟ್ಟರು. ಜನವರಿಯಲ್ಲಿ ಯಾರ್ಡಿನ ಬೆಲೆ 3,700ಕ್ಕೆ ಇಳಿಯಿತು. ಲಾರಿ ಕಳುಹಿಸಿ ಎಂದರೆ, ‘ಈ ಸೌದಾವನ್ನು ಆಗಲೇ ಸೇಲಂನ ವ್ಯಾಪಾರಿಗೆ ದಾಟಿಸಿದ್ದೇನೆ. ಅಷ್ಟಕ್ಕೂ ಇದು ವಾಯಿದಾ ವ್ಯಾಪಾರ. ಅದನ್ನು ಸರ್ಕಾರ ನಿಷೇಧಿಸಿದೆ. ಕರಾರೇ ಅನೂರ್ಜಿತ, ಮುಂಗಡ ವಾಪಸ್ ಕೊಡಿ’ ಎನ್ನುತ್ತಾರೆ. ಹೀಗೆ ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ? ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ? ಜೊತೆಗೆ, ನನ್ನ ತಮ್ಮನ ಮಗ ಮೊಬೈಲ್ ಆ್ಯಪ್ ಒಂದರಲ್ಲಿ ಸರಕುಗಳ ದರದ ಮೇಲೆ ಹಣ ಹಾಕುತ್ತಾನೆ. ಅದೂ ಇದೇ ವ್ಯಾಪಾರವೇ?

ಉತ್ತರ: ಹೈಕೋರ್ಟಿನ ಯೋಚನೆಯನ್ನು ಸದ್ಯಕ್ಕೆ ಬಿಡಿ. ನಿಮ್ಮ ವ್ಯಾಜ್ಯ ಇರುವುದು ವರ್ತಕರ ಜೊತೆ. ಅವರು ತಮ್ಮ ನಷ್ಟ ತಪ್ಪಿಸಿಕೊಳ್ಳಲು ಸರ್ಕಾರವನ್ನು ನಡುವೆ ಎಳೆದು ತಂದಿದ್ದಾರೆ, ಅಷ್ಟೇ. ನೀವು ಕಳುಹಿಸಿದ ಕರಾರಿನ ಪ್ರತಿಯನ್ನು ಓದಿದ್ದೇನೆ. ಅದು ಅನೂರ್ಜಿತವಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ‘ವಾಯಿದಾ’, ಅಂದರೆ ಇವತ್ತೇ ಬೆಲೆ ಗೊತ್ತುಮಾಡಿ ಸರಕನ್ನು ಮುಂದೊಂದು ದಿನ ಕೊಡುವ ವ್ಯಾಪಾರ, ಎಂಬ ಮಾತು ಕೇಳಿದ ಕೂಡಲೇ ಮಂಡಿಯವರಿಂದ ಹಿಡಿದು ಕೆಲವು ವಕೀಲರವರೆಗೆ ಎಲ್ಲರೂ ಗಲಿಬಿಲಿಗೊಳ್ಳುವುದುಂಟು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಷೇಧದ ಮಾತು. 2021ರ ಡಿಸೆಂಬರ್ 20ರಂದು ಷೇರು ಮತ್ತು ಸರಕು ವಿನಿಮಯ ಕೇಂದ್ರಗಳ ನಿಯಂತ್ರಕ ಸಂಸ್ಥೆಯಾದ ಸೆಬಿ ಏಳು ಸರಕುಗಳ ವಾಯಿದಾ ವಹಿವಾಟನ್ನು ನಿಲ್ಲಿಸಿತು: ಬಾಸ್ಮತಿಯಲ್ಲದ ಭತ್ತ, ಗೋಧಿ, ಕಡಲೆ, ಸಾಸಿವೆ, ಸೋಯಾ, ಕಚ್ಚಾ ತಾಳೆ ಎಣ್ಣೆ ಮತ್ತು ಹೆಸರುಕಾಳು. ಒಂದು ವರ್ಷಕ್ಕೆಂದು ಬಂದ ಆ ಆದೇಶವನ್ನು ಆಮೇಲೆ ಮತ್ತೆ ಮತ್ತೆ ವಿಸ್ತರಿಸಲಾಯಿತು. ವರ್ತಕರ ಕಿವಿಗೆ ಬಿದ್ದಿರುವುದು ಬಹುಶಃ ಈ ಸುದ್ದಿ. ಆ ಏಳರಲ್ಲಿ ಬೆಲ್ಲವಿಲ್ಲ. ಇದ್ದಿದ್ದರೂ ಆ ಆದೇಶ ಅನ್ವಯವಾಗುತ್ತಿದ್ದುದು ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳ ಪರದೆಯ ಮೇಲೆ ನಡೆಯುವ ವಹಿವಾಟಿಗೆ. ನಿಮ್ಮ ಜಗಲಿಯ ಮೇಲೆ ಕುಳಿತು ಬರೆದ ಕರಾರಿಗೆ ಅದು ಮುಟ್ಟುವುದೇ ಇಲ್ಲ.

ಹಾಗಾದರೆ ಸರ್ಕಾರಕ್ಕೆ ಈ ಅಧಿಕಾರ ಬಂದದ್ದು ಎಲ್ಲಿಂದ? ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಎಣ್ಣೆಕಾಳು, ಆಹಾರಧಾನ್ಯ, ಸಕ್ಕರೆ, ಸಾಂಬಾರ ಪದಾರ್ಥಗಳ ವಾಯಿದಾ ವ್ಯಾಪಾರವನ್ನು ನಿಷೇಧಿಸಿದರು. ಯುದ್ಧ ಮುಗಿದರೂ ನಿಯಂತ್ರಣದ ಅಭ್ಯಾಸ ಹೋಗಲಿಲ್ಲ. ಸಂವಿಧಾನ ಬರೆಯುವಾಗ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 48ನೇ ನಮೂದಾಗಿ ಷೇರು ವಿನಿಮಯ ಕೇಂದ್ರಗಳನ್ನೂ ವಾಯಿದಾ ಮಾರುಕಟ್ಟೆಗಳನ್ನೂ ಒಟ್ಟಿಗೆ ಸೇರಿಸಿದರು. ಅದರ ಬಲದ ಮೇಲೆ ಸಂಸತ್ತು 1952ರ ವಾಯಿದಾ ಒಪ್ಪಂದ ನಿಯಂತ್ರಣ ಕಾಯ್ದೆಯನ್ನು ತಂದಿತು. ಹಣ ಮತ್ತು ಸರಕು ಹನ್ನೊಂದು ದಿನದೊಳಗೆ ಕೈ ಬದಲಾಯಿಸಿದರೆ ಅದು ರೊಕ್ಕದ ವ್ಯಾಪಾರ, ಕಾಯ್ದೆಗೆ ಅದರ ಗೊಡವೆ ಇಲ್ಲ. ಅದಕ್ಕಿಂತ ತಡವಾದರೆ ವಾಯಿದಾ. ವಾಯಿದಾದಲ್ಲೂ ಬೇರೆಯವರಿಗೆ ದಾಟಿಸಲಾಗದ, ನಿರ್ದಿಷ್ಟ ಸರಕನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳುವ ಕರಾರುಗಳನ್ನು ಬೇರೆಯಾಗಿಯೇ ಇಟ್ಟರು. ಈ ಕೊನೆಯ ವರ್ಗವನ್ನು ನೆನಪಿನಲ್ಲಿಡಿ. ನಿಮ್ಮ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ಕಾಯ್ದೆ ಬಂದ ಮೇಲೆ ಅದರ ಬುಡಕ್ಕೇ ಕೈ ಹಾಕುವ ಯತ್ನ ನಡೆಯದೇ ಇರಲಿಲ್ಲ. ಅದರಲ್ಲಿ ಮುಂದಿದ್ದವರು ಕಲ್ಕತ್ತೆಯ ಸೆಣಬಿನ ವ್ಯಾಪಾರಿಗಳು. 1962ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವೇವರ್ಲಿ ಜ್ಯೂಟ್ ಮಿಲ್ಸ್ ಪ್ರಕರಣದಲ್ಲಿ ಎತ್ತಿದ ಆಕ್ಷೇಪ ಜಾಣತನದ್ದಾಗಿತ್ತು. ಸಂವಿಧಾನ ಕೇಂದ್ರಕ್ಕೆ ಕೊಟ್ಟಿರುವುದು ವಾಯಿದಾ ಮಾರುಕಟ್ಟೆಗಳ ಮೇಲಿನ ಅಧಿಕಾರ. ಮಾರುಕಟ್ಟೆ ಎಂದರೆ ವ್ಯಾಪಾರ ನಡೆಯುವ ಜಾಗ. ಇಬ್ಬರ ನಡುವಿನ ಕರಾರು ರಾಜ್ಯದೊಳಗಿನ ವ್ಯಾಪಾರ, ಅದು ರಾಜ್ಯಪಟ್ಟಿಗೆ ಸೇರಿದ್ದು, ಸಂಸತ್ತು ಅದರ ಮೇಲೆ ಕಾನೂನು ಮಾಡುವಂತಿಲ್ಲ. ವಾದದ ಸಾರ ಇಷ್ಟು. ನ್ಯಾಯಾಲಯ ಒಪ್ಪಲಿಲ್ಲ. ಜನ ಸಂತೆಗೆ ಬಂದು ಎದುರೆದುರು ನಿಂತು ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ಆ ಅರ್ಥ ಸಾಕಾಗಿತ್ತು. ಪತ್ರ ವ್ಯವಹಾರದಲ್ಲೇ ಸೌದಾ ಮುಗಿಯುವ ಕಾಲದಲ್ಲಿ ಮಾರುಕಟ್ಟೆ ಎಂದರೆ ಜಾಗವೂ ಹೌದು, ಅಲ್ಲಿಯ ವ್ಯವಹಾರವೂ ಹೌದು ಎಂದಿತು. ಸಮಾನತೆಯ ಹಕ್ಕಿಗೆ ಧಕ್ಕೆ ಎಂಬ ಇನ್ನೊಂದು ವಾದವೂ ಬಿದ್ದುಹೋಯಿತು. ಯಾರ್ಡಿನ ದರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಗದಿಯಾಗುವ ಈ ದಿನಗಳಲ್ಲಿ ಆ ತೀರ್ಪನ್ನು ಅಲುಗಾಡಿಸುವುದು ಇನ್ನೂ ಕಷ್ಟ.

ಅದೇ ಕಾಲದ ಇನ್ನೊಂದು ಪ್ರಕರಣ ರಘುಬರ ದಯಾಳ್ ಜೈಪ್ರಕಾಶ್ ಅವರದ್ದು. ವಾಯಿದಾ ವ್ಯಾಪಾರ ನಡೆಸುವ ಸಂಘಗಳು ಸರ್ಕಾರದ ಮಾನ್ಯತೆ ಪಡೆಯಬೇಕು, ಮಾನ್ಯತೆಗೆ ಷರತ್ತುಗಳಿರುತ್ತವೆ. ಇದು ಸಂಘ ಕಟ್ಟುವ ಮೂಲಭೂತ ಹಕ್ಕಿಗೆ ವಿರುದ್ಧ ಎಂದು ಅವರು ವಾದಿಸಿದರು. ಸಂಘ ಕಟ್ಟುವುದು ಹಕ್ಕು, ಸರ್ಕಾರದಿಂದ ಮಾನ್ಯತೆ ಪಡೆಯುವುದು ಹಕ್ಕಲ್ಲ, ಬೇಕಾದವರು ಷರತ್ತಿಗೆ ಒಪ್ಪಿ ಅರ್ಜಿ ಹಾಕಿಕೊಳ್ಳಲಿ ಎಂಬುದು ನ್ಯಾಯಾಲಯದ ನಿಲುವು. ಬಾಗಿಲು ಅಲ್ಲಿಗೇ ಮುಚ್ಚಿತು.

ಅಮೆರಿಕದವರ ಕಥೆಯೂ ಹೆಚ್ಚು ಬೇರೆಯಲ್ಲ. ವಿನಿಮಯ ಕೇಂದ್ರದ ಹೊರಗೆ ನಡೆಯುವ ಧಾನ್ಯದ ವಾಯಿದಾ ವಹಿವಾಟಿಗೆ ಬುಷೆಲ್‌ಗೆ 20 ಸೆಂಟ್ ತೆರಿಗೆ ಹಾಕಿ ಅದನ್ನು ಹಿಡಿತಕ್ಕೆ ತರಲು 1921ರಲ್ಲಿ ಒಂದು ಕಾನೂನು ಮಾಡಿದರು. ತೆರಿಗೆಯ ವೇಷದಲ್ಲಿ ನಿಯಂತ್ರಣ ಮಾಡುವಂತಿಲ್ಲ ಎಂದು ಮರುವರ್ಷವೇ ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅದೇ ವರ್ಷ ಸಂಸತ್ತು ಅಂತರರಾಜ್ಯ ವಾಣಿಜ್ಯದ ಅಧಿಕಾರದಡಿ ಹೊಸ ಕಾಯ್ದೆ ತಂದಿತು. 1923ರಲ್ಲಿ ಅದೇ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವ್ಯಾಪಾರಿಗಳಿಗೆ ಸಿಕ್ಕ ಗೆಲುವಿನ ಆಯುಸ್ಸು ತಿಂಗಳುಗಳಷ್ಟು. ಈರುಳ್ಳಿಯ ಪ್ರಸಂಗ ಇನ್ನೂ ಸ್ವಾರಸ್ಯದ್ದು. 1955ರಲ್ಲಿ ಇಬ್ಬರು ವ್ಯಾಪಾರಿಗಳು ಷಿಕಾಗೋದ ಈರುಳ್ಳಿಯನ್ನೆಲ್ಲ ತಮ್ಮ ಕೈಗೆ ಹಾಕಿಕೊಂಡು ಬೆಲೆಯನ್ನು ಮನಸೋಇಚ್ಛೆ ಕುಣಿಸಿದರು. ಬೆಳೆಗಾರರು ಬೀದಿಗೆ ಬಿದ್ದರು. 1958ರಲ್ಲಿ ಈರುಳ್ಳಿಯ ವಾಯಿದಾ ವ್ಯಾಪಾರವನ್ನೇ ಕಾಯ್ದೆ ಮಾಡಿ ನಿಷೇಧಿಸಿದರು. ಷಿಕಾಗೋ ಮರ್ಕಂಟೈಲ್ ಎಕ್ಸ್‌ಚೇಂಜ್ ಕೋರ್ಟಿಗೆ ಹೋಗಿ ಸೋತಿತು. ಈರುಳ್ಳಿ ಬೆಲೆ ಸರ್ಕಾರಗಳ ನಿದ್ದೆ ಕೆಡಿಸುವುದು ನಮ್ಮಲ್ಲಿ ಮಾತ್ರ ಅಲ್ಲ ನೋಡಿ.

ಸರ್ಕಾರ ಒಮ್ಮೆಯೂ ಸೋತೇ ಇಲ್ಲವೇ ಎಂದು ನೀವು ಕೇಳಬಹುದು. ಸೋತಿದೆ. ಆದರೆ ಎಲ್ಲಿ ಸೋತಿತು ಎಂಬುದನ್ನು ನೋಡಬೇಕು. 1954ರಲ್ಲಿ ದ್ವಾರಕಾ ಪ್ರಸಾದ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಕಲ್ಲಿದ್ದಲು ನಿಯಂತ್ರಣ ಆದೇಶದ ಒಂದು ಭಾಗ ರದ್ದಾಯಿತು. ಪರವಾನಗಿ ಕೊಡುವುದು, ನಿರಾಕರಿಸುವುದು ಎರಡನ್ನೂ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದರು. ಆ ಅಧಿಕಾರವನ್ನು ಆತ ಯಾರಿಗೆ ಬೇಕಾದರೂ ವಹಿಸಿಕೊಡಬಹುದಿತ್ತು. ನಿಯಂತ್ರಿಸುವ ಅಧಿಕಾರವನ್ನು ನ್ಯಾಯಾಲಯ ಪ್ರಶ್ನಿಸಲಿಲ್ಲ. ಲಗಾಮಿಲ್ಲದ ಮರ್ಜಿಯನ್ನು ಮಾತ್ರ ಒಪ್ಪಲಿಲ್ಲ.

ಇತ್ತೀಚಿನ ದೊಡ್ಡ ಉದಾಹರಣೆ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸರಕು ವಿನಿಮಯ ಕೇಂದ್ರದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ವರ್ತಕರು ಹೇಳುವ ಗುಮ್ಮನ ನಿಜವಾದ ಮುಖ ಕಾಣುವುದು ಇಲ್ಲಿ. 2007ರ ಜೂನ್ 5ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಒಂದು ದಿನದ ಅವಧಿಯ ಕರಾರುಗಳಿಗೆ 1952ರ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಕೈಯಲ್ಲಿ ಸರಕಿಲ್ಲದೆ ಮಾರುವಂತಿಲ್ಲ, ದಿನದ ಕೊನೆಗೆ ಬಾಕಿ ಉಳಿದದ್ದೆಲ್ಲ ಸರಕಿನ ವಿತರಣೆಯಲ್ಲೇ ಮುಗಿಯಬೇಕು ಎಂಬ ಷರತ್ತು ಇತ್ತು. ನಡೆದದ್ದು ಬೇರೆ. ಜೋಡಿ ಕರಾರುಗಳು ಹುಟ್ಟಿಕೊಂಡವು. ಹೂಡಿಕೆದಾರ ಎರಡು ದಿನದಲ್ಲಿ ಹಣ ಕೊಟ್ಟು ಸರಕು ಕೊಂಡ ಹಾಗೆ ಒಂದು ಕರಾರು. ಅದೇ ಸರಕನ್ನು ಇಪ್ಪತ್ತೈದು ದಿನದ ಬಳಿಕ ಹೆಚ್ಚಿನ ಬೆಲೆಗೆ ಮಾರಿದ ಹಾಗೆ, ಅದೇ ಗಳಿಗೆಯಲ್ಲಿ, ಇನ್ನೊಂದು ಕರಾರು. ನಡುವಿನ ಲಾಭ ಮೊದಲೇ ನಿಗದಿ. ಸರಕಿನ ವ್ಯಾಪಾರ ಎಂಬ ಹೆಸರಿನಲ್ಲಿ ಇದು ಬಡ್ಡಿ ವ್ಯವಹಾರವೇ. ಗೋದಾಮಿನ ರಸೀದಿ ಇತ್ತು, ಗೋದಾಮಿನಲ್ಲಿ ಅಷ್ಟು ಸರಕು ಇರಲಿಲ್ಲ. ಹನ್ನೊಂದು ದಿನ ಮೀರಿದ ಕರಾರು ನಡೆಸುವಂತಿಲ್ಲ ಎಂದು ಸರ್ಕಾರ ಬಿಗಿ ಮಾಡಿದಾಗ, 2013ರ ಜುಲೈ 31ರಂದು ವಹಿವಾಟು ನಿಂತುಹೋಯಿತು. ಸುಮಾರು 13,000 ಹೂಡಿಕೆದಾರರ ಸುಮಾರು 5,600 ಕೋಟಿ ರೂಪಾಯಿ ಸಿಕ್ಕಿಹಾಕಿಕೊಂಡಿತು. ಆ ಹಗರಣದ ಬಿಸಿಯಲ್ಲೇ, ಆವರೆಗೆ ಸರಕುಗಳ ವಾಯಿದಾ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ವಾಯಿದಾ ಮಾರುಕಟ್ಟೆ ಆಯೋಗದ ಕಥೆ ಮುಗಿಯಿತು. 2015ರ ಸೆಪ್ಟೆಂಬರ್ 28ರಂದು ಅದು ಸೆಬಿಯಲ್ಲಿ ವಿಲೀನವಾಯಿತು, 1952ರ ಕಾಯ್ದೆ ರದ್ದಾಯಿತು. ಅದರ ಮುಖ್ಯ ಅಂಶಗಳು 1956ರ ಸೆಕ್ಯುರಿಟೀಸ್ ಕರಾರುಗಳ ನಿಯಂತ್ರಣ ಕಾಯ್ದೆಯೊಳಗೆ ಸೇರಿಕೊಂಡವು.

ಇದಾದ ಮೇಲೆ ನಷ್ಟ ತುಂಬಿಸಲು ಸರ್ಕಾರ ಒಂದು ಅಡ್ಡದಾರಿ ಹಿಡಿಯಿತು. ಆ ವಿನಿಮಯ ಕೇಂದ್ರವನ್ನು ಅದರ ಮಾತೃಸಂಸ್ಥೆಯೊಂದಿಗೆ ಬಲವಂತವಾಗಿ ವಿಲೀನಗೊಳಿಸಿ 2016ರಲ್ಲಿ ಆದೇಶ ಹೊರಡಿಸಿತು. ಬಾಂಬೆ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆದರೆ ಮಾತೃಸಂಸ್ಥೆ, ಅಂದರೆ 63 ಮೂನ್ಸ್, ಸುಪ್ರೀಂ ಕೋರ್ಟಿಗೆ ಹೋಗಿ 2019ರ ಏಪ್ರಿಲ್ 30ರಂದು ಗೆದ್ದಿತು. ವಿಲೀನಕ್ಕೆ ಕಾನೂನು ಬಯಸುವ ಸಾರ್ವಜನಿಕ ಹಿತಾಸಕ್ತಿ ಇಲ್ಲಿ ಕಾಣುವುದಿಲ್ಲ, ಷೇರುದಾರರಿಗೆ ಆಗುವ ನಷ್ಟದ ಪರಿಹಾರವನ್ನು ನಿಯಮದಂತೆ ಲೆಕ್ಕ ಹಾಕಿಲ್ಲ ಎಂದು ಆದೇಶ ರದ್ದಾಯಿತು. ಅಷ್ಟಕ್ಕೆ ಹಬ್ಬ ಮಾಡುವಂತಿರಲಿಲ್ಲ. ಮಹಾರಾಷ್ಟ್ರದ ಠೇವಣಿದಾರರ ರಕ್ಷಣಾ ಕಾಯ್ದೆಯಡಿ ನಡೆದ ಆಸ್ತಿ ಮುಟ್ಟುಗೋಲಿನ ಪ್ರಕರಣದಲ್ಲಿ ಅದೇ ಕಂಪನಿ 2022ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಈ ಎಲ್ಲ ತೀರ್ಪುಗಳನ್ನು ಒಟ್ಟಿಗೆ ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಸರ್ಕಾರಕ್ಕೆ ನಿಯಂತ್ರಿಸುವ ಅಧಿಕಾರವೇ ಇಲ್ಲ ಎಂದು ಹೋದವರು ಬರಿಗೈಯಲ್ಲಿ ಬಂದಿದ್ದಾರೆ. ಈ ಅಧಿಕಾರವನ್ನು ಈ ರೀತಿಯಲ್ಲಿ ಬಳಸುವಂತಿಲ್ಲ ಎಂದು ಹೋದವರಲ್ಲಿ ಕೆಲವರು ಗೆದ್ದಿದ್ದಾರೆ. ಬೆಲೆ ಏರಿದೆ, ಆದ್ದರಿಂದ ವಾಯಿದಾ ನಿಲ್ಲಿಸುತ್ತೇವೆ ಎಂಬಂಥ ಆರ್ಥಿಕ ತೀರ್ಮಾನವನ್ನು ನ್ಯಾಯಮೂರ್ತಿಗಳು ಮತ್ತೆ ತೂಗಿ ನೋಡುವುದಿಲ್ಲ. 1977ರಲ್ಲಿ ಸಾಸಿವೆ ಎಣ್ಣೆಗೆ ಕಿಲೋಗೆ 10 ರೂಪಾಯಿ ಎಂದು ಸರ್ಕಾರ ಬೆಲೆ ಕಟ್ಟಿದಾಗ, ಆ ಬೆಲೆಗೆ ಕಾಳು ಕೊಂಡು ಗಾಣ ಆಡಿಸುವುದೇ ಅಸಾಧ್ಯ ಎಂದು ಗಿರಣಿಯವರು ಗೋಳಿಟ್ಟರು. ಪ್ರಾಗ್ ಐಸ್ ಅಂಡ್ ಆಯಿಲ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೂ ಎತ್ತಿಹಿಡಿಯಿತು. ಬೆಲೆ ನಿಗದಿ ಶಾಸನಾತ್ಮಕ ಸ್ವರೂಪದ ಕೆಲಸ, ಅದಕ್ಕೆ ಮುಂಚೆ ಒಬ್ಬೊಬ್ಬರ ಅಹವಾಲು ಕೇಳಬೇಕಾಗಿಲ್ಲ ಎಂದು 1987ರ ಸಯನಮೈಡ್ ತೀರ್ಪು ಹೇಳಿತು. ವಾಯಿದಾ ವ್ಯಾಪಾರವನ್ನು ಅಮಾನತು ಮಾಡುವ ಆದೇಶಗಳ ಬಗ್ಗೆ ನನಗೆ ವೈಯಕ್ತಿಕವಾಗಿ ಒಳ್ಳೆಯ ಅಭಿಪ್ರಾಯವಿಲ್ಲ. ಒಂದು ವರ್ಷದ ಆದೇಶವನ್ನು ಕಾರಣವನ್ನೂ ಸರಿಯಾಗಿ ಬಿಡಿಸಿ ಹೇಳದೆ ವರ್ಷವರ್ಷವೂ ಎಳೆಯುತ್ತಾ ಹೋಗುವುದು ಸರಿಯಲ್ಲ. ಯಾರಾದರೂ ಪ್ರಶ್ನಿಸುವುದಾದರೆ ಆ ಎಳೆತವನ್ನೇ ಪ್ರಶ್ನಿಸಬೇಕು. ಆದರೆ ಅದು ಗೋಧಿ, ಕಡಲೆಯವರ ಜಗಳ. ನಿಮ್ಮದಲ್ಲ.

ಇನ್ನು ನಿಮ್ಮ ಕಾಗದಕ್ಕೆ ಬರೋಣ. ಈಗಿನ ಕಾನೂನಿನಲ್ಲೂ ದಾಟಿಸಲಾಗದ ನಿರ್ದಿಷ್ಟ ವಿತರಣಾ ಕರಾರು ಎಂಬ ವರ್ಗ ಉಳಿದಿದೆ. 1956ರ ಕಾಯ್ದೆಯ 30ಎ ಕಲಂ ಇಂಥ ಕರಾರುಗಳನ್ನು ಕಾಯ್ದೆಯ ಹಿಡಿತದಿಂದ ಹೊರಗಿಡುತ್ತದೆ. ಅಗತ್ಯವೆನಿಸಿದರೆ ಅಧಿಸೂಚನೆ ಹೊರಡಿಸಿ ಇವನ್ನೂ ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಇಟ್ಟುಕೊಂಡಿದೆ ಎನ್ನುವುದು ಬೇರೆ ಮಾತು. ಈ ವರ್ಗಕ್ಕೆ ಸೇರಲು ಬೇಕಾದದ್ದು ಏನು? ಕೊಳ್ಳುವವರ ಮತ್ತು ಮಾರುವವರ ಹೆಸರು ಕರಾರಿನಲ್ಲಿ ಇರಬೇಕು. ಇಂಥ ಬಗೆಯ ಸರಕು ಎಂದು ಹೇಳಿರಬೇಕು. ಕೊಡುವ ಅವಧಿ, ಬೆಲೆ ಅಥವಾ ಬೆಲೆ ಕಟ್ಟುವ ರೀತಿ ಗೊತ್ತಾಗಿರಬೇಕು. ನಿಮ್ಮದರಲ್ಲಿ ಇವೆಲ್ಲ ಇವೆ. ಬೆಲ್ಲ ಎಂದಷ್ಟೇ ಬರೆಯದೆ ಕುರಿಕಾಲಚ್ಚು ಎಂದು ಬರೆಸಿದವರು ಯಾರೋ ತಿಳಿದವರು. ಬಾಕ್ಸ್ ಬೆಲ್ಲಕ್ಕೂ ಬಕೆಟ್ ಬೆಲ್ಲಕ್ಕೂ ಕುರಿಕಾಲಚ್ಚಿಗೂ ಯಾರ್ಡಿನಲ್ಲಿ ಬೇರೆ ಬೇರೆ ದರ ಕೂಗುತ್ತಾರೆ ಎಂಬುದು ಮಂಡ್ಯದ ಯಾವ ಮುನ್ಸಿಫರಿಗೂ ಹೊಸದಲ್ಲ.

ಕೊರತೆ ಒಂದೇ: ಕರಾರನ್ನು ಬೇರೆಯವರಿಗೆ ದಾಟಿಸುವಂತಿಲ್ಲ ಎಂದು ಎಲ್ಲೂ ಬರೆದಿಲ್ಲ. ವರ್ತಕರು ಸೇಲಂ ವ್ಯಾಪಾರಿಯ ಕಥೆ ಹೇಳುತ್ತಿರುವುದು ಇದೇ ಸಂದಿಯಲ್ಲಿ ನುಸುಳಲು. ದಾಟಿಸಿದ್ದೇನೆ, ಆದ್ದರಿಂದ ದಾಟಿಸಬಹುದಾದ ಕರಾರು, ಆದ್ದರಿಂದ ವಾಯಿದಾ, ಆದ್ದರಿಂದ ಅನೂರ್ಜಿತ ಎಂದು ಸರಪಳಿ ಹೆಣೆದಿದ್ದಾರೆ. ಇದಕ್ಕೆ ಉತ್ತರ ಖಾರ್ದಾ ಕಂಪನಿಯ ಪ್ರಕರಣದಲ್ಲಿದೆ. ಅದೂ 1962ರದ್ದು, ಅದೂ ಸೆಣಬಿನದ್ದೇ. ಅಲ್ಲಿಯ ಸರಕು ಪಾಕಿಸ್ತಾನದಿಂದ ಆಮದಾಗಬೇಕಾದ ಕಚ್ಚಾ ಸೆಣಬು. ಅಲ್ಲಿಯ ಕರಾರಿನಲ್ಲೂ ದಾಟಿಸುವಂತಿಲ್ಲ ಎಂಬ ಸಾಲು ಇರಲಿಲ್ಲ. ಆ ಸಾಲು ಇರಲೇಬೇಕೆಂದಿಲ್ಲ, ಕರಾರಿನ ಉಳಿದ ಮಾತುಗಳನ್ನೂ ಅದು ಹುಟ್ಟಿದ ಸನ್ನಿವೇಶವನ್ನೂ ನೋಡಿ ಉದ್ದೇಶವನ್ನು ತಿಳಿಯಬೇಕು ಎಂದಿತು ಸುಪ್ರೀಂ ಕೋರ್ಟ್. ಆಮದಿನ ಪರವಾನಗಿ ಗಿರಣಿಯ ಹೆಸರಿಗೇ ಸೀಮಿತವಾಗಿದ್ದರಿಂದ ಕರಾರು ಬೇರೆಯವರ ಕೈಗೆ ಹೋಗುವ ಹಾಗೆಯೇ ಇರಲಿಲ್ಲ ಎಂದು ತೀರ್ಮಾನಿಸಿತು. ಇನ್ನೊಂದು ತತ್ತ್ವವನ್ನೂ ಅಲ್ಲಿ ವಿವರಿಸಿದ್ದಾರೆ. ಕರಾರಿನಿಂದ ಬರುವ ಹಕ್ಕನ್ನು ಸಾಮಾನ್ಯವಾಗಿ ಬೇರೆಯವರಿಗೆ ಕೊಡಬಹುದು. ಹೊಣೆಯನ್ನು ಮಾತ್ರ ಎದುರು ಪಕ್ಷದ ಒಪ್ಪಿಗೆಯಿಲ್ಲದೆ ದಾಟಿಸಲು ಬರುವುದಿಲ್ಲ.

ಇದನ್ನು ನಿಮ್ಮ ಪ್ರಕರಣಕ್ಕೆ ಹಚ್ಚಿ ನೋಡಿ. ಕರಾರಿನಲ್ಲಿ ನಿಮ್ಮ ಆಲೆಮನೆಯ ಬೆಲ್ಲವೆಂದೇ ಬರೆದಿದೆ. ಲಾರಿ ನಿಮ್ಮ ಆಲೆಮನೆಗೆ ಬರಬೇಕು, ತೂಕ ಅಲ್ಲೇ ಆಗಬೇಕು, ಬಣ್ಣ ಮತ್ತು ಗಟ್ಟಿತನವನ್ನು ವರ್ತಕರೇ ಕೊಪ್ಪರಿಗೆಯ ಬಳಿ ನಿಂತು ನೋಡಿ ಒಪ್ಪಬೇಕು ಎಂದಿದೆ. ಮುಂಗಡ ಕೊಟ್ಟವರು ಅವರು. ಹಣ ಕೊಡುವ ಹೊಣೆ ಅವರದ್ದು. ಅದನ್ನು ಸೇಲಂನವರ ತಲೆಗೆ ಕಟ್ಟುವಾಗ ನಿಮ್ಮನ್ನು ಒಂದು ಮಾತು ಕೇಳಿಲ್ಲ. ಅವರು ಬೆನ್ನ ಹಿಂದೆ ಏನು ಮಾಡಿಕೊಂಡರು ಎಂಬುದರಿಂದ ಗೌರಿ ಹಬ್ಬದಂದು ಬರೆದ ಕರಾರಿನ ಸ್ವರೂಪ ಬದಲಾಗುವುದಿಲ್ಲ. ಇದು ನಿಮ್ಮ ಬಲವಾದ ವಾದ.

ವರ್ತಕರ ವಕೀಲರು ಇನ್ನೊಂದು ಬಾಣ ಬಿಡಬಹುದು: ಇದು ಜೂಜಿನ ಕರಾರು, ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನಂತೆ ಅನೂರ್ಜಿತ. ಜೂಜು ಎನ್ನಬೇಕಾದರೆ ಸರಕು ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ, ಬೆಲೆಯ ವ್ಯತ್ಯಾಸವನ್ನಷ್ಟೇ ಚುಕ್ತಾ ಮಾಡೋಣ ಎಂಬ ಉದ್ದೇಶ ಇಬ್ಬರಿಗೂ ಮೊದಲಿನಿಂದಲೇ ಇರಬೇಕು. ಒಬ್ಬನ ಮನಸ್ಸಿನಲ್ಲಿ ಇದ್ದರೆ ಸಾಲದು. ಕಬ್ಬು ಕಡಿಸಿ, ಗಾಣಕ್ಕೆ ಹಾಕಿ, ಕೊಪ್ಪರಿಗೆಯಲ್ಲಿ ಕಾಯಿಸಿ, ಅಚ್ಚಿಗೆ ಹುಯ್ದು ಇಟ್ಟಿರುವವರನ್ನು ಜೂಜುಗಾರ ಎನ್ನಲು ಧೈರ್ಯ ಬೇಕು. 1959ರ ಘೇರುಲಾಲ್ ಪಾರಖ್ ತೀರ್ಪನ್ನು ಅವರು ಉಲ್ಲೇಖಿಸಿದರೆ ಹೆದರಬೇಡಿ. ಹಾಪುರದ ವರ್ತಕರೊಂದಿಗೆ ಗೋಧಿಯ ಸಟ್ಟಾ ಆಡಿದ ಇಬ್ಬರು ಪಾಲುದಾರರ ಜಗಳ ಅದು. ಜೂಜಿನ ಕರಾರು ಅನೂರ್ಜಿತವೇ ಹೊರತು ಕಾನೂನುಬಾಹಿರವಲ್ಲ, ಆದ್ದರಿಂದ ಪಾಲುದಾರರು ನಷ್ಟ ಹಂಚಿಕೊಳ್ಳಲೇಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಸರಕು ತಯಾರಿಸುವವರಿಗೂ ಅದಕ್ಕೂ ನಂಟಿಲ್ಲ. ಕರಾರಿನ ದಿನ ಬೆಲ್ಲ ಇರಲಿಲ್ಲ, ಕಬ್ಬು ಗದ್ದೆಯಲ್ಲಿತ್ತು ಎಂಬ ಮಾತೂ ಬರಬಹುದು. ಮುಂದೆ ತಯಾರಾಗುವ ಸರಕನ್ನು ಮಾರಲು ಒಪ್ಪಿಕೊಳ್ಳುವುದನ್ನು 1930ರ ಸರಕು ಮಾರಾಟ ಕಾಯ್ದೆಯ 6ನೇ ಕಲಂ ಸ್ಪಷ್ಟವಾಗಿ ಅನುಮತಿಸುತ್ತದೆ.

ಬೆಲ್ಲವನ್ನು ಶೀತಲಗೃಹಕ್ಕೆ ಹಾಕಿ ರಸೀದಿ ಕಳುಹಿಸಿದರೆ ವಿತರಣೆ ಆದಂತೆಯೇ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. 1955ರ ದುನಿಚಂದ್ ರತೇರಿಯಾ ಪ್ರಕರಣದಲ್ಲಿ ಗೋಣಿಬಟ್ಟೆಯ ಸೌದಾಗಳು ಕೈಯಿಂದ ಕೈಗೆ ದಾಟಿದ್ದವು. ಹಡಗಿನಲ್ಲಿ ಸರಕು ತುಂಬಿಕೊಂಡಾಗ ಕೊಡುವ ರಸೀದಿಯ ಹಸ್ತಾಂತರವೂ ಸರಕಿನ ನಿಜವಾದ ಹಸ್ತಾಂತರವೇ ಎಂದು ಅಲ್ಲಿ ಒಪ್ಪಿದರು. ಆದರೆ ನಿಮ್ಮ ಕರಾರಿನಲ್ಲಿ ವಿತರಣೆಯ ಜಾಗ ಆಲೆಮನೆ. ಅದನ್ನು ನೀವಾಗಿಯೇ ಬದಲಾಯಿಸಲು ಹೋಗಬೇಡಿ.

ಬೆಲೆ ಬಿದ್ದುಹೋಯಿತು, ನನ್ನಿಂದಾಗದು ಎನ್ನುವುದು ಕಾನೂನಿನಲ್ಲಿ ನೆಪವೇ ಅಲ್ಲ. ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಅಲೋಪಿ ಪರ್ಷಾದ್ ಸಂಸ್ಥೆ, ಯುದ್ಧದಿಂದ ಪರಿಸ್ಥಿತಿಯೇ ಬದಲಾಯಿತು, ಹೆಚ್ಚು ಹಣ ಕೊಡಿ ಎಂದು ಸರ್ಕಾರವನ್ನು ಕೇಳಿ 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಯುದ್ಧಕ್ಕೇ ರಿಯಾಯಿತಿ ಇಲ್ಲದ ಮೇಲೆ ಜನವರಿಯ ಬೆಲೆ ಇಳಿತಕ್ಕೆ ಎಲ್ಲಿಯ ರಿಯಾಯಿತಿ?

ಈಗ ಎಷ್ಟು ಕೇಳಬಹುದು ಎಂಬ ಲೆಕ್ಕ. ಬೆಲ್ಲ ಇನ್ನೂ ನಿಮ್ಮಲ್ಲೇ ಇರುವುದರಿಂದ ಪೂರ್ತಿ ಬೆಲೆ 18,40,000 ರೂಪಾಯಿ ಕೇಳಲು ಬರುವುದಿಲ್ಲ. ಸರಕು ತೆಗೆದುಕೊಳ್ಳಲು ನಿರಾಕರಿಸಿದ್ದಕ್ಕೆ ಸರಕು ಮಾರಾಟ ಕಾಯ್ದೆಯ 56ನೇ ಕಲಮಿನಡಿ ನಷ್ಟ ಪರಿಹಾರ ಕೇಳಬೇಕು. ಕರಾರು ಕಾಯ್ದೆಯಲ್ಲೂ ಒಂದು 56ನೇ ಕಲಂ ಇದೆ, ಅದು ಕರಾರು ಅಸಾಧ್ಯವಾಗುವುದರ ಬಗ್ಗೆ. ನೋಟಿಸಿನಲ್ಲಿ ಎರಡನ್ನೂ ಬೆರೆಸಿದ ವಕೀಲರನ್ನು ಕಂಡಿದ್ದೇನೆ, ಆದ್ದರಿಂದ ಈ ಎಚ್ಚರಿಕೆ. ಪರಿಹಾರ ಎಂದರೆ ಕರಾರಿನ ಬೆಲೆಗೂ ಜನವರಿ 10ರ ಸುಮಾರಿನ ಯಾರ್ಡಿನ ಬೆಲೆಗೂ ಇರುವ ಅಂತರ: ಕ್ವಿಂಟಲಿಗೆ 900ರಂತೆ 3,60,000 ರೂಪಾಯಿ. ಮುಂಗಡ ಕಳೆದರೆ 3,10,000. ವ್ಯತ್ಯಾಸದ ಹಣಕ್ಕಾಗಿಯೇ ಮಾಡಿಕೊಂಡ ಕರಾರು ಜೂಜಾದರೆ, ಮಾತು ಮುರಿದದ್ದಕ್ಕೆ ವ್ಯತ್ಯಾಸದ ಹಣವನ್ನು ಕೊಡಿಸುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಮೊದಲನೆಯದರಲ್ಲಿ ವ್ಯತ್ಯಾಸವೇ ಗುರಿ. ಎರಡನೆಯದರಲ್ಲಿ ಬೆಲ್ಲವೇ ಗುರಿ, ಬೆಲ್ಲ ಒಯ್ಯದೆ ಹೋದದ್ದಕ್ಕೆ ದಂಡ ವ್ಯತ್ಯಾಸ. ಇನ್ನೂ ಬೆಲೆ ಇಳಿಯಲಿ, ಹೆಚ್ಚು ಸಿಗುತ್ತದೆ ಎಂದು ಬೆಲ್ಲವನ್ನು ಇಟ್ಟುಕೊಂಡು ಕೂರಬೇಡಿ. ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂದು ನ್ಯಾಯಾಲಯ ಕೇಳುತ್ತದೆ. ಒಂದು ನೋಟಿಸ್ ಕೊಟ್ಟು, ವಾರದೊಳಗೆ ಒಯ್ಯದಿದ್ದರೆ ಯಾರ್ಡಿನಲ್ಲಿ ಮಾರುತ್ತೇನೆ ಎಂದು ತಿಳಿಸಿ, ಹಾಗೆಯೇ ಮಾರಿ. ಟೆಂಡರ್ ಚೀಟಿ, ತೂಕದ ಚೀಟಿ, ಮಾರಾಟದ ಪಟ್ಟಿ ಎಲ್ಲ ಜೋಪಾನ.

ಮೊತ್ತ 3 ಲಕ್ಷ ಮೀರಿರುವುದರಿಂದ ದಾವೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಬರುತ್ತದೆ. ತುರ್ತು ತಡೆಯಾಜ್ಞೆ ಕೇಳದಿದ್ದರೆ, ದಾವೆ ಹೂಡುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗುವುದು 12ಎ ಕಲಮಿನಂತೆ ಕಡ್ಡಾಯ. ಹೋಗದೆ ಹೂಡಿದ ದಾವೆಯನ್ನು ತಿರಸ್ಕರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಲಮಿತಿ ಮೂರು ವರ್ಷ, ಮಧ್ಯಸ್ಥಿಕೆಯ ಅವಧಿ ಅದರಲ್ಲಿ ಲೆಕ್ಕಕ್ಕಿಲ್ಲ. ಮಂಡ್ಯದಂಥ ಊರಿನಲ್ಲಿ, ನಾಳೆಯೂ ಅದೇ ಯಾರ್ಡಿಗೆ ಹೋಗಬೇಕಾದವರಿಗೆ, ಮಧ್ಯಸ್ಥಿಕೆಯಲ್ಲೇ ಮುಗಿದರೆ ವಾಸಿ. ವರ್ತಕರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ‘ಸೌದಾ ದಾಟಿಸಿದ್ದೇನೆ’ ಎಂಬ ಸಂದೇಶವನ್ನು ಅಳಿಸಬೇಡಿ, ಫೋನನ್ನೂ ಬದಲಾಯಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಜೊತೆಗೆ ಅದನ್ನು ಹಾಜರುಪಡಿಸಬೇಕಾಗುತ್ತದೆ. ಕರಾರನ್ನು ಅವರೇ ಒಪ್ಪಿಕೊಂಡಿರುವ ಸಾಕ್ಷ್ಯ ಅದು.

ತಮ್ಮನ ಮಗನ ವಿಷಯಕ್ಕೆ ಹೆಚ್ಚು ಮಾತು ಬೇಡ. ಹಣ ಹೋಗುವುದು ಸೆಬಿಯಲ್ಲಿ ನೋಂದಾಯಿತ ಬ್ರೋಕರ್ ಮೂಲಕ ಮಾನ್ಯತೆ ಪಡೆದ ವಿನಿಮಯ ಕೇಂದ್ರಕ್ಕೆ ಆದರೆ ಅದು ಕಾನೂನುಬದ್ಧ ವಾಯಿದಾ ವ್ಯಾಪಾರ, ಲಾಭ ನಷ್ಟ ಅವನ ಹಣೆಬರಹ. ಅಲ್ಲಿ ಪ್ರತಿ ವಹಿವಾಟಿನ ವಿವರವಿರುವ ಕರಾರು ಚೀಟಿ ಬರುತ್ತದೆ, ಹಣ ಬ್ರೋಕರ್‌ನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಯಾರದೋ ಯುಪಿಐ ಸಂಖ್ಯೆಗೆ ಹಣ ಹಾಕಿ, ಆ್ಯಪ್ ತೋರಿಸುವ ಅಂಕಿಯನ್ನು ನಂಬಿ ಆಡುತ್ತಿದ್ದರೆ ಅದು ಡಬ್ಬಾ ವ್ಯಾಪಾರ, ಅಂದರೆ ವಿನಿಮಯ ಕೇಂದ್ರದ ಹೊರಗೆ ಕದ್ದು ನಡೆಸುವ ವ್ಯಾಪಾರ. ಅದು ಅಪರಾಧ. ಗೆದ್ದ ಹಣವನ್ನು ಯಾವ ಕೋರ್ಟೂ ಕೊಡಿಸುವುದಿಲ್ಲ. ಅವನ ಬಳಿ ಕರಾರು ಚೀಟಿ ಇದೆಯೇ ಎಂದು ಇವತ್ತೇ ಕೇಳಿ.

ಮುಂದಿನ ಹಂಗಾಮಿಗೆ ಕರಾರು ಬರೆಯುವಾಗ, ಯಾರ ಜೊತೆಗೇ ಆಗಲಿ, ಈ ಸಾಲುಗಳನ್ನು ಸೇರಿಸಿ: ‘ಈ ಕರಾರಿನ ಹಕ್ಕುಗಳನ್ನಾಗಲಿ ಹೊಣೆಗಳನ್ನಾಗಲಿ, ಇದಕ್ಕೆ ಸಂಬಂಧಿಸಿದ ಯಾವುದೇ ರಸೀದಿ ಅಥವಾ ವಿತರಣಾ ಚೀಟಿಯನ್ನಾಗಲಿ ಉಭಯ ಪಕ್ಷಗಳಲ್ಲಿ ಯಾರೂ ಮೂರನೆಯವರಿಗೆ ವರ್ಗಾಯಿಸತಕ್ಕದ್ದಲ್ಲ. ಸರಕನ್ನು ವಾಸ್ತವವಾಗಿ ಕೊಟ್ಟು ತೆಗೆದುಕೊಳ್ಳುವುದರಿಂದ ಮಾತ್ರ ಈ ಕರಾರು ತೀರತಕ್ಕದ್ದು.’ ಕೆಳಗೆ ಇಬ್ಬರ ಸಹಿ, ತಾರೀಖು, ಇಬ್ಬರು ಸಾಕ್ಷಿಗಳು.